ಒಂದಕ್ಷರವೂ ಬಿಡದೆ

ಫ್ಯಾಕ್ಸ್ ಯಂತ್ರ ಗಂಟಲು ಸರಿಮಾಡಿಕೊಂಡು, ಒಮ್ಮೆ ಕೀರಲು ದನಿ ತೆಗೆದು, ಆಮೇಲೆ ಡಾಕ್ಟರಿಗೆ ನಾಲಗೆ ತೋರಿಸುವ ಹಾಗೆ ನಿಧಾನವಾಗಿ ಕಾಗದ ಚಾಚಿತು. ಆ ಕೀರಲನ್ನು ಇಗ್ನೇಶಿಯಸ್ ಲೋಬೊ ಯಂತ್ರಕ್ಕಿಂತ ಚೆನ್ನಾಗಿ ಮಾಡಬಲ್ಲ. ಹೊಸದಾಗಿ ಸೇರಿದ ಗುಮಾಸ್ತರು ಅದನ್ನು ಕೇಳಿ ಎದ್ದು ಬಂದು, ಖಾಲಿ ತಟ್ಟೆ ನೋಡಿ, ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗಿದ್ದುಂಟು. ಆದರೆ ತೊಂಬತ್ತಾರರ ಮೇ ತಿಂಗಳ ಆ ಗುರುವಾರ ಬೆಳಿಗ್ಗೆ ಅವನಿಗೆ ಆಟದ ಮನಸ್ಸಿರಲಿಲ್ಲ. ಕಾಗದದ ನೆತ್ತಿಯಲ್ಲಿ ಅಟ್ಲಾಂಟಾ ಎಂದಿತ್ತು. ಅಟ್ಲಾಂಟಾದಲ್ಲಿ ಇದ್ದವಳು ಮ್ಯಾನೇಜರ್ ಹಾಲಿಸ್ ಸಾಹೇಬರ ಅಕ್ಕ. ಅಲ್ಲಿಯ ಒಂದು ಪತ್ರಿಕೆಗೆ ಹಾಡುಗಳ ಬಗ್ಗೆ ಬರೆಯುವವಳು, ಅದಕ್ಕೇ ಸಂಬಳ ಪಡೆಯುವವಳು. ಹಾಲಿಸ್ ಹಿಂದಿನ ದಿನವೇ ಒಂದು ತಿಂಗಳ ರಜೆಯ ಮೇಲೆ ಹೊರಟುಹೋಗಿದ್ದ. ಹೋಗುವಾಗ ಬಾಗಿಲಲ್ಲಿ ನಿಂತು, "ಇಗ್ಗೀ, ನಿನ್ನ ಹುಡುಗನ ಕ್ಯಾಸೆಟ್ಟಿಗೆ ಅಕ್ಕನ ಉತ್ತರ ಬಂದರೆ ನೀನೇ ಕೊಟ್ಟುಬಿಡು" ಎಂದಿದ್ದ. ಐದಕ್ಷರದ ಹೆಸರನ್ನು ಎರಡಕ್ಷರಕ್ಕೆ ಇಳಿಸಿದ ಮೇಲೆ 'ನಿನ್ನ ಹುಡುಗ' ಬೇರೆ. ಡ್ಯಾರೆಲ್ ಇಗ್ನೇಶಿಯಸನ ಹುಡುಗನಲ್ಲ. ಹೆಂಡತಿ ಲೊರ್ನಾಳ ಅಕ್ಕ ವಿಲ್ಮಾ ಲಂಡನ್ನಿನಲ್ಲಿ ನರ್ಸ್, ಅವಳ ಮಗ. ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಎರಡು ತಿಂಗಳು ಚಿಕ್ಕಮ್ಮನ ಜೊತೆ ಇರುತ್ತೇನೆ ಎಂದು ದೋಹಾಕ್ಕೆ ಬಂದು, ಅಲ್ ಮನ್ಸೂರಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸೋಫಾದ ಮೇಲೆ ಮಲಗಿಕೊಂಡು, ರಾಪ್ ಹಾಡುತ್ತಿದ್ದವನು. ಬರುವ ಭಾನುವಾರ ಅವನ ವಿಮಾನ.

ಇಗ್ನೇಶಿಯಸ್ ನಿಂತಲ್ಲೇ ಓದಿದ. ಆಫೀಸಿಗೆ ಬರುವ ಕಾಗದಗಳನ್ನೆಲ್ಲ ಮೊದಲು ಓದುವುದು ಅವನ ಕೆಲಸವೇ. ಇದನ್ನೂ ಕೆಲಸದ ಮುಖ ಇಟ್ಟುಕೊಂಡೇ ಓದಿದ. ನಾಲ್ಕು ಹಾಡು ಕೇಳಿದೆ, ಎಂದು ಬರೆದಿದ್ದಳು ಅವಳು. ಮೂರನ್ನು ಹುಡುಗ ನಮ್ಮ ಹಾಗೆ ಹಾಡಲು ನೋಡಿದ್ದಾನೆ. ನಮ್ಮ ಹಾಗೆ ಹಾಡಲು ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ. ನಾಲ್ಕನೆಯದು, ಅವನ ತಾಯಿಯ ಬಸ್ಸಿನದು, ಕೇಳಿದಾಗ ನನಗೆ ನಗು ಬಂತು. ಇಂಗ್ಲಿಷರ ಬಾಯಿಂದ ರಾಪ್ ಕೇಳಿದರೆ ನಮಗೆ ಬರುವ ನಗುವೇ ಅದು: ಚಹಾದ ಕಪ್ಪು ಸಾಸರು ಹಿಡಿದುಕೊಂಡು ಯಾರೋ ಜಗಳಕ್ಕೆ ಬಂದ ಹಾಗೆ. ಎರಡನೆಯ ಸಲ ಕೇಳಿದೆ. ಮೂರನೆಯ ಸಲ ಕೇಳುವಾಗ ಒಲೆಯ ಮೇಲೆ ಇಟ್ಟದ್ದನ್ನು ಮರೆತುಬಿಟ್ಟೆ. ಆ ಹುಡುಗನಿಗೆ ಹೇಳು, ಆ ಬಾಯಿ ಬದಲಿಸಬೇಡ ಅಂತ. ಅದೇ ಬಾಯಲ್ಲಿ ಇನ್ನು ಐದು ಹಾಡು ಮಾಡಿ ಕಳಿಸಿದರೆ, ಕೇಳಬೇಕಾದವರ ಕೈಗೆ ನಾನೇ ಮುಟ್ಟಿಸುತ್ತೇನೆ.

ಅಷ್ಟೇ ಇದ್ದದ್ದು. ಒಲೆಯ ಮೇಲೆ ಇಟ್ಟದ್ದನ್ನು ಮರೆತುಬಿಟ್ಟೆ ಎಂಬಲ್ಲಿಗೆ ಬಂದಾಗ ಇಗ್ನೇಶಿಯಸ್ ಆ ಸಾಲನ್ನು ಇನ್ನೊಮ್ಮೆ ಓದಿದ. ಮೂರು ವಾರದ ಹಿಂದೆ ಲೊರ್ನಾ ಎಣ್ಣೆಯಲ್ಲಿ ಬಂಗುಡೆ ಮೀನು ಕಾಯಿಸುತ್ತಿದ್ದಳು. ಡ್ಯಾರೆಲ್ ಅಡುಗೆಮನೆಯ ಬಾಗಿಲಿಗೆ ಒರಗಿ, ಬೆರಳಿನಿಂದ ಫ್ರಿಜ್ಜಿನ ಬದಿಗೆ ತಾಳ ಬಡಿಯುತ್ತ, ಆ ಬಸ್ಸಿನ ಹಾಡು ಹೇಳಿದ. ಅವನ ಲಂಡನ್ನಿನ ಇಂಗ್ಲಿಷಿನಲ್ಲಿ ಶಬ್ದಗಳ ನಡುವಿನ ಅಕ್ಷರಗಳು ಅರ್ಧಕ್ಕೇ ಬಿದ್ದುಹೋಗುತ್ತವೆ. ನೀರು ಕೇಳಿದರೆ ಬಿಕ್ಕಳಿಕೆ ಬಂದವರ ಹಾಗೆ ಕೇಳಿಸುತ್ತದೆ. ಹಾಡಿನಲ್ಲಿ ಅವನ ತಾಯಿ ಆಸ್ಪತ್ರೆಯ ಪಾಳಿ ಮುಗಿಸಿ ಬಸ್ಸು ಹತ್ತುತ್ತಾಳೆ, ಕಾಲಿನ ಬೂಟು ಸಡಿಲಿಸಿಕೊಳ್ಳುತ್ತಾಳೆ, ಪಕ್ಕದ ಸೀಟು ಖಾಲಿ ಇದ್ದರೂ ಅಲ್ಲಿ ಯಾರೂ ಕೂರುವುದಿಲ್ಲ, ಅವಳು ಆ ಸೀಟಿನ ಮೇಲೆ ಚೀಲ ಇಟ್ಟು ಕೊಂಕಣಿಯಲ್ಲಿ ಚೀಲದ ಜೊತೆ ಮಾತಾಡುತ್ತಾಳೆ. ಲೊರ್ನಾ ಬೆನ್ನು ತಿರುಗಿಸಿಕೊಂಡೇ ಕೇಳುತ್ತಿದ್ದಳು. ಒಂದು ಹಂತದಲ್ಲಿ ಕೈ ಚಾಚಿ ಗ್ಯಾಸು ಆರಿಸಿದಳು. ಎಣ್ಣೆ ಸದ್ದು ನಿಲ್ಲಿಸಿತು. ಅವಳು ನಗಲಿಲ್ಲ, ಹೊಗಳಲೂ ಇಲ್ಲ. ಹಾಲ್‌ನಲ್ಲಿ ಪೇಪರು ಹಿಡಿದು ಕೂತಿದ್ದ ಇಗ್ನೇಶಿಯಸನಿಗೆ ಕಾಣಿಸಿದ್ದು ಅವಳ ಬೆನ್ನು ಮಾತ್ರ. ಹದಿನಾಲ್ಕು ವರ್ಷದಲ್ಲಿ ಆ ಬೆನ್ನು ಅವನ ಮಾತಿಗೆ ಎಷ್ಟೋ ಸಲ ಕುಲುಕಿದೆ. ಒಮ್ಮೆಯೂ ಹಾಗೆ ನಿಂತದ್ದಿಲ್ಲ.

ಅವಳನ್ನು ಅವನು ಗೆದ್ದದ್ದೇ ಬಾಯಿಯಿಂದ. ಮಂಗಳೂರಿನ ಕುಲಶೇಖರದಲ್ಲಿ ಯಾರದೋ ಮದುವೆಯ ಮುಂಚಿನ ದಿನದ ರೋಸ್ ಶಾಸ್ತ್ರ. ಮದುಮಗಳ ತಲೆಗೆ ತೆಂಗಿನಹಾಲು ಹೊಯ್ಯುತ್ತ ಹೆಂಗಸರು ವೊವಿಯೊ ಎಂಬ ಶೋಭಾನೆ ಹಾಡುತ್ತಿದ್ದರು. ಇಗ್ನೇಶಿಯಸ್ ಕುರ್ಚಿಯ ಮೇಲೆ ಹತ್ತಿ, ತಮ್ಮ ಇಗರ್ಜಿಯ ಮುದಿ ವಿಗಾರ ಪಾದ್ರಿಗಳು ಬಂದು ಆಶೀರ್ವಚನ ಕೊಟ್ಟರೆ ಹೇಗಿರುತ್ತದೆ ಎಂದು ಮಾಡಿ ತೋರಿಸಿದ್ದ. ಪ್ರತಿ ಮೂರನೆಯ ಮಾತಿಗೆ ಕೆಮ್ಮು, ಪ್ರತಿ ಕೆಮ್ಮಿಗೆ ಒಂದು ನರಕ. ಗುಂಪಿನಲ್ಲಿ ಒಬ್ಬಳು ನಕ್ಕು ನಕ್ಕು, ಕೈಯಲ್ಲಿದ್ದ ತೆಂಗಿನಹಾಲು ಮದುಮಗಳನ್ನು ಬಿಟ್ಟು ಮದುಮಗಳ ಅತ್ತೆಯ ಮೇಲೆ ಚೆಲ್ಲಿದಳು. ಅವಳು ಲೊರ್ನಾ. ಆಮೇಲೆ ಅವನು ಸಂಗ್ರಹ ಮಾಡುತ್ತಲೇ ಹೋದ. ಈಜಿಪ್ಟಿನ ಅಕೌಂಟೆಂಟು, ಟ್ಯಾಕ್ಸಿಯ ಪಠಾಣ, ಸ್ಟೋರಿನ ಮಲೆಯಾಳಿ, ಹಾಲಿಸ್. ಈಗ ಹನ್ನೊಂದು ಬಾಯಿ ಅವನಲ್ಲಿ ಇವೆ, ತನ್ನದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. ಆದರೆ ಎರಡು ವರ್ಷದಿಂದ ಲೊರ್ನಾ, "ಅದು ಮಾಡಿ ಆಯ್ತಲ್ಲ" ಅನ್ನುತ್ತಾಳೆ. ಹೊಸ ಬಾಯಿ ತಂದರೂ, ಆ ಬಾಯಿಯ ಮನುಷ್ಯ ಯಾರೆಂದು ಕೇಳುವ ಮೊದಲೇ, ಮಾಡಿ ಆಯ್ತಲ್ಲ. ಹಳೆಯ ಅಂಗಿಯನ್ನು ಒಗೆದು ಹೊಸತೆಂದು ತೋರಿಸಿದರೆ ಹೆಂಗಸರು ನೋಡುವ ಹಾಗೆ ನೋಡುತ್ತಾಳೆ.

ಹಾಲಿಸ್ ಮೊದಲ ಸಲ ಆ ಕ್ಯಾಸೆಟ್ಟು ಕೇಳಿದ್ದು ತನ್ನ ಜೀಪಿನಲ್ಲಿ. ಇಗ್ನೇಶಿಯಸನೇ ಹಾಕಿದ್ದು; ನಮ್ಮ ಮನೆಗೊಬ್ಬ ಬಂದಿದ್ದಾನೆ, ಕೇಳಿ ಸರ್, ಎಂದು. ಯಾಕೆ ಹಾಕಿದೆ ಎಂದು ಈಗ ಫ್ಯಾಕ್ಸಿನ ಮುಂದೆ ನಿಂತು ಕೇಳಿಕೊಂಡರೆ ಉತ್ತರ ಸಿದ್ಧವಾಗಿಯೇ ಇತ್ತು, ನಾಚಿಕೆಯಿಲ್ಲದೆ. ಅಮೆರಿಕದವನು ನಗುತ್ತಾನೆಂದು ಗೊತ್ತಿದ್ದೇ ಹಾಕಿದ್ದು. ಮತ್ತು ಅವನು ನಕ್ಕ. ಸ್ಟೀರಿಂಗಿಗೆ ಹಣೆ ತಾಗಿಸಿ ನಕ್ಕ. "ಬಟ್ಲರನಿಗೆ ಮೂರು ತಿಂಗಳ ಸಂಬಳ ಕೊಡದಿದ್ದರೆ ಹೀಗೇ ಬೈತಾನೆ, ಇಗ್ಗೀ. ಬಹಳ ಮರ್ಯಾದೆಯಿಂದ." ಇಗ್ನೇಶಿಯಸ್ ಅದಕ್ಕಿಂತ ಜೋರಾಗಿ ನಕ್ಕ, ಸಂಬಳ ಕೊಡುವವನ ತಮಾಷೆಗೆ ಎಷ್ಟು ಬೇಕೋ ಅದಕ್ಕಿಂತ ಎರಡು ಪಟ್ಟು. ನಗುತ್ತಿರುವಾಗಲೇ ಬೇರೊಂದು ನಗು ಕಿವಿಯಲ್ಲಿ ಕೇಳಿಸಿತು. ಹಿಂದಿನ ನವೆಂಬರಿನಲ್ಲಿ ಕನ್ನಡದವರ ಕೂಟದಲ್ಲಿ ರಾಜ್ಯೋತ್ಸವದ ದಿನ ಅವನೇ ನಿರೂಪಕ. ಆ ವರ್ಷ ಸೈಟಿನಲ್ಲಿ ಬಿದ್ದು ಸತ್ತ ಬಂಟ್ವಾಳದ ಒಬ್ಬ ಮೇಸ್ತ್ರಿಯ ಬಗ್ಗೆ, ಯಾವ ಬಾಯಿಯೂ ಹಾಕಿಕೊಳ್ಳದೆ, ತನ್ನದೇ ಮಾತಿನಲ್ಲಿ ಎರಡು ನಿಮಿಷ ಹೇಳಿದ್ದ. ಕೆಳಗೆ ಇಳಿದ ಮೇಲೆ ಮೈಸೂರು ಕಡೆಯ ಎಂಜಿನಿಯರೊಬ್ಬರ ಹೆಂಡತಿ ಬಂದು, "ಎಷ್ಟು ಮುದ್ದಾಗಿ ಮಾತಾಡ್ತೀರಿ, ನಿಮ್ ಮಂಗ್ಳೂರ್ ಕನ್ನಡ ಕೇಳಿದ್ರೆ ಯಕ್ಷಗಾನ ನೋಡಿದ್ ಹಾಗೇ ಆಗತ್ತೆ, ಇನ್ನೊಂದ್ ಸ್ವಲ್ಪ ಮಾತಾಡಿ ನೋಡೋಣ" ಎಂದಳು. ಪಕ್ಕದಲ್ಲಿದ್ದವರು ನಕ್ಕರು. ಕೆಟ್ಟ ನಗುವಲ್ಲ. ಮಗು ದೊಡ್ಡವರ ಚಪ್ಪಲಿ ಹಾಕಿಕೊಂಡು ನಡೆದಾಗ ಬರುವ ನಗು. ಸತ್ತ ಮೇಸ್ತ್ರಿ ಆ ನಗುವಿನ ಅಡಿಯಲ್ಲಿ ಎಲ್ಲೋ ಇನ್ನೊಮ್ಮೆ ಬಿದ್ದ. ಒಂದು ವಾರದಲ್ಲಿ ಇಗ್ನೇಶಿಯಸ್ ಮೈಸೂರಿನ ಬಾಯಿಯನ್ನು ತಯಾರು ಮಾಡಿದ, ಅದು ಹನ್ನೊಂದನೆಯದು. ಜೀಪಿನಲ್ಲಿ ಹಾಲಿಸ್ ನಗುವಾಗ ಅವನಿಗೆ ಇದೆಲ್ಲ ಅರ್ಥವಾಗಿತ್ತು. ಲಂಡನ್ನಿನ ಹುಡುಗ ಅಮೆರಿಕದ ಕಿವಿಗೆ ಏನಾಗಿ ಬೀಳುತ್ತಾನೋ ತಾನು ಮೈಸೂರಿನ ಕಿವಿಗೆ ಅದೇ ಆಗಿ ಬಿದ್ದವನು. ಅರ್ಥವಾಗಿಯೂ ಸಂತೋಷವಾಗಿತ್ತು. ನನಗೆ ಬಿದ್ದದ್ದು ಅವನಿಗೂ ಬೀಳಲಿ ಎಂಬ, ಬಸ್ಸಿನ ಕ್ಯೂನಲ್ಲಿ ನಿಂತವನ ಸಂತೋಷ.

ಆದರೆ ಈ ಹೆಂಗಸು, ನಕ್ಕ ಮೇಲೆಯೂ ಎರಡನೆಯ ಸಲ ಕೇಳಿದ್ದಳು. ಮೂರನೆಯ ಸಲವೂ. ತನ್ನನ್ನು ಯಾರು ಎರಡನೆಯ ಸಲ ಕೇಳಿದರು?

ಫ್ಯಾಕ್ಸಿನ ಕಾಗದ ಬಂದ ತಕ್ಷಣ ಫೋಟೋಕಾಪಿ ತೆಗೆಯಬೇಕು. ಅದು ಆಫೀಸಿನ ನಿಯಮ, ಗೋಡೆಯ ಮೇಲೆ ಅಂಟಿಸಿದ ಚೀಟಿಯನ್ನು ಟೈಪು ಮಾಡಿದವನೂ ಅವನೇ. ಆ ನುಣುಪು ಕಾಗದ ಬಿಸಿ ತಾಗಿದರೆ ಕಪ್ಪಾಗುತ್ತದೆ. ಅವನು ಕಾಪಿ ಯಂತ್ರದ ಮುಚ್ಚಳ ಎತ್ತಿದ. ಇದು ಆಫೀಸಿನ ಕಾಗದವಲ್ಲವಲ್ಲ, ಖಾಸಗಿಯದು, ಎಂದುಕೊಂಡು ಕಾಗದ ಇಡದೆಯೇ ಮುಚ್ಚಳ ಇಳಿಸಿದ. ಗುಂಡಿಗೆ ಬೆರಳು ತಾಗಿ ಹಸಿರು ಬೆಳಕು ಸುಮ್ಮನೆ ಒಮ್ಮೆ ಹೋಗಿ ಬಂತು.

"ಎಂತ ಪೊರ್ಬುಗಳೇ, ಕೈ ಬಿಸಿ ಮಾಡ್ಲಿಕ್ಕೆ ಯಂತ್ರ ಓಡಿಸುದಾ?" ಊರಲ್ಲಿ ಕೊಂಕಣಿ ಕಿರಿಸ್ತಾನರನ್ನು ಕರೆಯುವ ಹಾಗೆ ಕರೆದು, ಹಿಂದಿನಿಂದ ಕಬೀರ್ ಕೇಳಿದ. ಉಳ್ಳಾಲದ ಬ್ಯಾರಿ ಮುಸಲ್ಮಾನ, ಆಫೀಸಿನ ಟಪಾಲು ಹೊತ್ತು ಊರೆಲ್ಲ ತಿರುಗುವವನು. ಅಕ್ಕನೂ ಕೇಳಲಿ ಎಂದು ಹಾಲಿಸ್ ಆ ಕ್ಯಾಸೆಟ್ಟಿನ ಒಂದು ಪ್ರತಿಯನ್ನು ಅಟ್ಲಾಂಟಾಕ್ಕೆ ಕಳಿಸುವಾಗ ಕೊರಿಯರಿಗೆ ಕೊಟ್ಟು ಬಂದವನೂ ಇವನೇ.

"ಅಕ್ಕನ ಉತ್ತರ ಬಂತು."

"ಅಮೆರಿಕದ ಅಕ್ಕಂದಾ? ಎಂತ ಹೇಳ್ತಾಳೆ? ರಾಪಾ, ರಂಪವಾ?"

"ಮನೆಗೆ ಬಾ. ಅಲ್ಲೇ ಓದ್ತೇನೆ. ಇವತ್ತು ಅರ್ಧ ದಿನ ಅಲ್ಲ? ಲೊರ್ನಾ ಕೋರಿ ಗಸಿ ಮಾಡಿದ್ದಾಳೆ."

"ಹಲಾಲ್ ತಾನೆ ಮಾರಾಯ್ರೆ?"

"ಇಲ್ಲಿ ಹಲಾಲ್ ಅಲ್ಲದ ಕೋಳಿ ಹುಡುಕ್ಲಿಕ್ಕೆ ನಿನಗೇ ಹೇಳ್ಬೇಕಷ್ಟೆ, ಬ್ಯಾರಿಗಳೇ."

ಮನ್ಸೂರಾಕ್ಕೆ ಬರುವ ದಾರಿಯುದ್ದಕ್ಕೂ ಕಬೀರ್ ಏನೋ ಹೇಳುತ್ತಿದ್ದ. ಇಗ್ನೇಶಿಯಸ್ ಬಾಯಿಯೊಳಗೇ ಒಂದು ಸ್ವರ ಹದ ಮಾಡುತ್ತಿದ್ದ. ಕದಿಯಬೇಕು, ಹರಿಯಬೇಕು ಎಂದೆಲ್ಲ ಅವನು ಯೋಚಿಸಲಿಲ್ಲ. ತಾನು ಅಂಥವನಲ್ಲ. ಬಂದ ಕಾಗದವನ್ನು ಬಂದ ಹಾಗೆಯೇ ಓದುತ್ತೇನೆ, ಬರೆದವಳು ಅಮೆರಿಕದವಳು, ಆದ್ದರಿಂದ ಅಮೆರಿಕದವಳ ಹಾಗೆ ಓದುತ್ತೇನೆ, ಇದರಲ್ಲಿ ತಪ್ಪೇನು? ಸಿಗ್ನಲ್ಲಿನಲ್ಲಿ ಕಾರು ನಿಂತಾಗ ತನ್ನ ತುಟಿ ಅಲ್ಲಾಡುವುದನ್ನು ಪಕ್ಕದ ಕಾರಿನ ಫಿಲಿಪಿನೋ ಹೆಂಗಸು ನೋಡಿ ಮುಖ ತಿರುಗಿಸಿದ್ದು ಕಂಡು ಅವನಿಗೆ ಕಿವಿ ಬಿಸಿಯಾಯಿತು. ಪ್ರಾರ್ಥನೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು.

ಊಟದ ನಡುವೆ ಕಾಗದ ತೆಗೆದ. ಡ್ಯಾರೆಲ್ ತಟ್ಟೆ ಪಕ್ಕಕ್ಕೆ ಸರಿಸಿ, ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಅವನ ಆ ಭಂಗಿಯೇ ಇಗ್ನೇಶಿಯಸನಿಗೆ ಸಹಿಸಲಾಗಲಿಲ್ಲ; ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ, ತನ್ನ ಮೇಲೆ ತನಗೆ ನಂಬಿಕೆಯಿರುವ ಹುಡುಗರು ಕೂರುವ ಭಂಗಿ. ಲೊರ್ನಾ ರೊಟ್ಟಿಯ ಚೂರು ಕೈಯಲ್ಲೇ ಹಿಡಿದುಕೊಂಡಿದ್ದಳು. ಇಗ್ನೇಶಿಯಸ್ ಕನ್ನಡಕ ಮೂಗಿನ ತುದಿಗೆ ಇಳಿಸಿ, ಕುತ್ತಿಗೆ ಉದ್ದ ಮಾಡಿ, ಹಾಲಿಸನ ಸ್ವರವನ್ನು ಮೂಗಿಗೆ ಏರಿಸಿ, ಅದರ ಮೇಲೆ ಒಂದು ಸ್ಕರ್ಟು ಉಡಿಸಿ ಶುರು ಮಾಡಿದ. ನಾಆಆಲ್ಕು ಹಾಡು ಕೇಳಿದೆ. ಅಷ್ಟಕ್ಕೇ ಕಬೀರನ ಬಾಯಿಂದ ಗಸಿ ಸಿಡಿಯಿತು. ನಗು ಬಂತು ಎಂಬಲ್ಲಿ ಇಗ್ನೇಶಿಯಸ್ ನಿಲ್ಲಿಸಿದ. ಎಲ್ಲಿ ನಿಲ್ಲಿಸಬೇಕೆಂಬುದೇ ವಿದ್ಯೆ. ಅಲ್ಲಿ ನಿಲ್ಲಿಸಿ, ಆ ಹೆಂಗಸು ನಗುವುದನ್ನೂ ಒಂದಷ್ಟು ನಕ್ಕು ತೋರಿಸಿದ. ಕುದುರೆಯೊಂದು ಸಭ್ಯವಾಗಿ ಕೆನೆಯುವ ಹಾಗೆ. ಕಾಗದದಲ್ಲಿ ಆ ನಗುವಿಗೆ ಅಕ್ಷರವಿರಲಿಲ್ಲ, ನಿಜ. ಆದರೆ ನಗು ಬಂತು ಎಂದು ಅವಳೇ ಬರೆದಿದ್ದಳಲ್ಲ. ಆಮೇಲಿನದೆಲ್ಲ ಇಳಿಜಾರು. ಒಲೆಯ ಮೇಲೆ ಇಟ್ಟದ್ದನ್ನು ಮರೆತದ್ದು ನಗೆಯ ಭರದಲ್ಲಿ ಮರೆತ ಹಾಗೆ ಕೇಳಿಸಿತು. ಆ ಬಾಯಿ ಬದಲಿಸಬೇಡ ಎಂಬುದು, ಅಯ್ಯೋ ಇಂಥ ತಮಾಷೆಯ ಬಾಯಿ ಹೋಗಬಾರದಪ್ಪ ಎಂಬ ಹಾಗೆ. ಇನ್ನು ಐದು ಹಾಡು ಕಳಿಸು ಎನ್ನುವಾಗ ಅವನು ಕಣ್ಣೀರು ಒರೆಸಿಕೊಳ್ಳುವ ಹೆಂಗಸಾಗಿದ್ದ, ಕೈಯಲ್ಲಿ ಇಲ್ಲದ ಕರವಸ್ತ್ರ ಹಿಡಿದುಕೊಂಡು.

ಒಂದಕ್ಷರ ಬಿಟ್ಟಿರಲಿಲ್ಲ. ಒಂದಕ್ಷರ ಸೇರಿಸಿರಲಿಲ್ಲ.

ಲೊರ್ನಾ ನಕ್ಕಳು. ಮೊದಲು ಬಾಯಿಗೆ ಅಡ್ಡ ಕೈ ಇಟ್ಟುಕೊಂಡು, ಆಮೇಲೆ ಕೈಬಿಟ್ಟು, ಮೇಜಿಗೆ ಬಗ್ಗಿ, ರೊಟ್ಟಿಯ ಚೂರು ಎಲ್ಲಿ ಹೋಯಿತೆಂದು ಗೊತ್ತಾಗದೆ, ಹದಿನಾಲ್ಕು ವರ್ಷದ ಹಿಂದಿನ ನಗು ನಕ್ಕಳು. ಅದು ತನಗೆ ಸಿಕ್ಕಿದ್ದನ್ನು ಇಗ್ನೇಶಿಯಸ್ ನೋಡಿದ. ಬಿಸಿಲಲ್ಲಿ ನಡೆದು ಬಂದವನಿಗೆ ನೀರು ಸಿಕ್ಕಿದ ಹಾಗೆ ಗಟಗಟನೆ ಕುಡಿದ. ಡ್ಯಾರೆಲ್ ಕೂಡ ನಗುತ್ತಿದ್ದ; ಎಲ್ಲರಿಗಿಂತ ಸ್ವಲ್ಪ ತಡವಾಗಿ ಶುರು ಮಾಡಿ, ಎಲ್ಲರಿಗಿಂತ ಸ್ವಲ್ಪ ತಡವಾಗಿ ನಿಲ್ಲಿಸಿದ. ತೊಡೆಯ ಕೆಳಗಿನಿಂದ ಕೈ ತೆಗೆದು ಎರಡು ಸಲ ಚಪ್ಪಾಳೆ ತಟ್ಟಿದ. "ಬ್ರಿಲಿಯಂಟ್, ಅಂಕಲ್," ಎಂದ. "ನನಗೆ ಅವಳು ಕಣ್ಣಿಗೆ ಕಂಡಳು." ಆಮೇಲೆ ಎಲ್ಲರ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಕಬೀರನ ಅರ್ಧ ಉಂಡ ತಟ್ಟೆಯನ್ನೂ ಸೇರಿಸಿ, ಒಳಗೆ ಹೋಗಿ ನಲ್ಲಿ ತಿರುಗಿಸಿದ. ಬಹಳ ಹೊತ್ತು ನೀರಿನ ಸದ್ದು ಬರುತ್ತಿತ್ತು, ನಾಲ್ಕು ತಟ್ಟೆಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು.

"ನನ್ನ ಕೋಳಿ ಕಾಲು," ಎಂದ ಕಬೀರ್, ಖಾಲಿ ಮೇಜು ನೋಡುತ್ತ.

ಸಂಜೆ ಕಬೀರನನ್ನು ಬಿಟ್ಟು ಬರಲು ಹೊರಟಾಗ ಇಗ್ನೇಶಿಯಸ್ ಆ ಕಾಗದವನ್ನು ಜೊತೆಗೆ ತೆಗೆದುಕೊಂಡು ಹೋದ. ಮೇಜಿನ ಮೇಲೆ ಬಿಟ್ಟರೆ ಲೊರ್ನಾ ಓದಿಯಾಳು ಎಂದು ಅವನ ಮನಸ್ಸು ಹೇಳಲಿಲ್ಲ. ಆಫೀಸಿಗೆ ಕೊಂಡುಹೋಗಬೇಕು, ಮರೆತುಬಿಡುತ್ತೇನೆ, ಎಂದಷ್ಟೇ ಹೇಳಿತು. ಕಾರಿನ ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ ಎಸೆದ. ಕಬೀರ್ ಇಳಿಯುವಾಗ, "ಅಲ್ಲ ಪೊರ್ಬುಗಳೇ, ಆ ಅಕ್ಕ ಅಷ್ಟು ಹಣ ಕೊಟ್ಟು ಫ್ಯಾಕ್ಸ್ ಮಾಡಿದ್ದು ಬರೇ ನಗಾಡ್ಲಿಕ್ಕಾ?" ಎಂದ.

"ಅವರಿಗೆ ಹಣ ಹೆಚ್ಚು."

"ಹಾಂ. ಹಾಗೆ ಹೇಳಿ," ಎಂದು ಬಾಗಿಲು ಹಾಕಿದ.

ಶುಕ್ರವಾರ ರಜೆ. ಇಗ್ನೇಶಿಯಸ್ ತಡವಾಗಿ ಎದ್ದ. ಹಾಲ್‌ನಿಂದ ಒಂದು ಸ್ವರ ಬರುತ್ತಿತ್ತು, ಟಿವಿ ಇರಬೇಕೆಂದುಕೊಂಡ. ಅಗಲವಾದ, ಎಣ್ಣೆ ಹಚ್ಚಿದ ಸ್ವರ, ಅಮೆರಿಕದ ಯಾವ ಬೀದಿಯಲ್ಲೂ ಹುಟ್ಟದ, ಎಲ್ಲ ಬೀದಿಯಲ್ಲೂ ಇರುವಂಥದ್ದು. ಡ್ಯಾರೆಲ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಇಗ್ನೇಶಿಯಸ್ ಹಾಸಿಗೆಯ ಮೇಲೆ ಕೂತು ಕೇಳಿದ. ಮೂರನೆಯ ಶಬ್ದದಲ್ಲಿ ಪ್ರತಿ ಸಲ ಲಂಡನ್ನು ತಲೆ ಹಾಕುತ್ತಿತ್ತು. ಮಿಮಿಕ್ರಿಯವನ ಕಿವಿಗೆ ಅದು ಮೊದಲು ಗೊತ್ತಾಯಿತು. ಗೊತ್ತಾದದ್ದಕ್ಕೆ ಒಳಗೊಳಗೇ ಒಂದು ಹಿಗ್ಗೂ ಆಯಿತು. ಆ ಹಿಗ್ಗಿನ ಹಿಂದೆಯೇ, ಬಾಲ ಹಿಡಿದುಕೊಂಡು ಬಂದ ಹಾಗೆ, ಆ ಮೇಸ್ತ್ರಿ ಬಂದ. ಎರಡು ನಿಮಿಷ ಮಾತಾಡಿ ವೇದಿಕೆ ಇಳಿದಾಗ ಒಬ್ಬರು, ಯಾರಾದರೂ ಒಬ್ಬರು ಸುಮ್ಮನೆ ತನ್ನ ಕೈ ಹಿಡಿದುಕೊಂಡಿದ್ದರೆ ಆಮೇಲಿನದೆಲ್ಲ ಬೇರೆಯೇ ಆಗುತ್ತಿತ್ತೋ ಏನೋ. ಈ ಹುಡುಗನಿಗೆ ಒಬ್ಬಳು ಕೈ ಚಾಚಿದ್ದಳು, ಏಳು ಸಮುದ್ರದ ಆಚೆಯಿಂದ. ಆ ಕೈಯನ್ನು ನಡುವೆ ಹಿಡಿದು, ಅದರಿಂದ ಕಚಗುಳಿ ಇಟ್ಟವನು ತಾನು.

ಲೊರ್ನಾ ಕೋಣೆಗೆ ಬಂದು ಬಾಗಿಲು ಮುಚ್ಚಿದಳು. ಅವಳ ಮಾತಿನ ಶುರು ಯಾವಾಗಲೂ ಒಂದೇ. "ಕೇಳಿತಾ? ಬೆಳಿಗ್ಗೆಯಿಂದ ಹೀಗೇ. ಆ ಬಸ್ಸಿನದ್ದು ಇನ್ನು ಹಾಡುದಿಲ್ಲಂತೆ. ಅಳಿಸಿಬಿಟ್ಟೆ ಅಂದ."

"ಅಳಿಸಿಬಿಟ್ನಾ?"

"ಟೇಪಿನ ಮೇಲೆ ಬೇರೆ ಹಾಡ್ತಾ ಇದ್ದಾನೆ ಈಗ. ಕೇಳುದಿಲ್ವಾ?" ಅವಳು ಕಿಟಕಿಯ ಏಸಿಯ ಮೇಲಿನ ಧೂಳನ್ನು ಬೆರಳಿನಿಂದ ಎಳೆದಳು. "ನಿನ್ನೆ ನಾನೂ ನಗಾಡಿದೆ ನೋಡಿ. ಅಷ್ಟು ನಗಾಡ್ಬಾರದಿತ್ತು. ಅವನ ಅಮ್ಮನ ಹಾಡು ಅದು. ನಮ್ಮ ವಿಲ್ಮಾನ ಹಾಡು. ಆ ಕಾಗದ ಎಲ್ಲಿ? ನಾನೊಮ್ಮೆ ನೋಡ್ತೇನೆ. ಇಷ್ಟು ಕೆಟ್ಟದು ಬರೀತಾಳಾ ಒಬ್ಬಳು, ಗುರ್ತ ಇಲ್ಲದ ಮಗುವಿಗೆ?"

"ಕಾರಿನಲ್ಲಿ ಉಂಟು. ತರ್ತೇನೆ."

ಮೆಟ್ಟಿಲಿಳಿಯುವಾಗ ಅವನಿಗೆ ಹಗುರವಾಗಿತ್ತು. ಅವಳು ಓದುತ್ತಾಳೆ. ತನ್ನ ಬಾಯಿಯಿಲ್ಲದೆ, ಬರೇ ಕಣ್ಣಿನಿಂದ ಓದುತ್ತಾಳೆ. ಎರಡನೆಯ ಸಾಲಿಗೇ ಗೊತ್ತಾಗುತ್ತದೆ. ಆಮೇಲೆ ತನ್ನ ಕಡೆ ನೋಡುತ್ತಾಳೆ. ಆ ನೋಟವನ್ನು ಎಲ್ಲಿ ನಿಂತು ತೆಗೆದುಕೊಳ್ಳಬೇಕು ಎಂದು ಮಾತ್ರ ಯೋಚಿಸಿದ. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಗಿ ಹೊತ್ತಾಗಿತ್ತು. ಬೀದಿಯಲ್ಲಿ ನೆರಳು ಎಂಬುದೇ ಇರಲಿಲ್ಲ. ಕಾರಿನ ಹಿಡಿ ಕೈ ಸುಟ್ಟಿತು. ಅಂಗಿಯ ಅಂಚಿನಿಂದ ಹಿಡಿದು ಬಾಗಿಲು ತೆರೆದ.

ಕಾಗದ ಅಲ್ಲೇ ಇತ್ತು, ಹಪ್ಪಳದ ಹಾಗೆ ಸುರುಳಿಯಾಗಿ. ಅಂಚಿನಿಂದ ಅಂಚಿನವರೆಗೆ ಕಪ್ಪು. ನೆತ್ತಿಯ ಅಟ್ಲಾಂಟಾ ಇಲ್ಲ, ನಂಬರಿಲ್ಲ, ಸಹಿಯಿಲ್ಲ. ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದರೆ ಎಲ್ಲೋ ಒಂದು ಅಕ್ಷರದ ನೆರಳು ಕಂಡ ಹಾಗಾಗಿ ಕಾಣದಾಯಿತು. ಆಫೀಸಿಗೆ ಬರುವ ಅಮೆರಿಕದ ವಾರಪತ್ರಿಕೆಗಳಲ್ಲಿ ಹೆಂಗಸರ ತೋಳು ಕಾಲುಗಳ ಮೇಲೆ ಇಲ್ಲಿಯ ಅಧಿಕಾರಿಗಳು ದಪ್ಪ ಪೆನ್ನಿನಿಂದ ಮಸಿ ಬಳಿದಿರುತ್ತಾರೆ. ಅಷ್ಟು ಶ್ರದ್ಧೆಯಿಂದ ಕೂಡ ಯಾರೂ ಇಷ್ಟು ನೀಟಾಗಿ ಬಳಿದದ್ದನ್ನು ಅವನು ನೋಡಿರಲಿಲ್ಲ. ಗೋಡೆಯ ಮೇಲಿನ ಚೀಟಿ ಕಣ್ಣ ಮುಂದೆ ಬಂತು, ತಾನೇ ಟೈಪು ಮಾಡಿ ಅಡಿಗೆರೆ ಎಳೆದದ್ದು. ತನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದದ್ದನ್ನು ನೆನಪಿಗೆ ಬಾರದ ಹಾಗೆ ಇಟ್ಟುಕೊಳ್ಳುವುದೂ ಒಂದು ಮಿಮಿಕ್ರಿಯೇ, ಮರೆತವನ ಮಿಮಿಕ್ರಿ.

ಅವನು ಮೇಲೆ ಬಂದಾಗ ಇಬ್ಬರೂ ಹಾಲ್‌ನಲ್ಲಿದ್ದರು. ಕಪ್ಪು ಸುರುಳಿಯನ್ನು ಮೇಜಿನ ಮೇಲೆ ಇಟ್ಟ. ಡ್ಯಾರೆಲ್ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, ಅದನ್ನು ನೋಡಿ, ಅವನನ್ನು ನೋಡಿದ.

"ಬಿಸಿಲಿಗೆ ಹೀಗಾಯ್ತು," ಎಂದ ಇಗ್ನೇಶಿಯಸ್. "ಆದರೆ ನನಗೆ ಬಾಯಿಪಾಠ ಉಂಟು. ಡ್ಯಾರೆಲ್, ನಿನ್ನೆ ನಾನು ಓದಿದ್ದು ಸರಿಯಲ್ಲ. ಅವಳು ಆ ಹಾಡನ್ನು ಮೆಚ್ಚಿದ್ದಾಳೆ. ನಿಜಕ್ಕೂ ಮೆಚ್ಚಿದ್ದಾಳೆ."

ಮತ್ತು ಹೇಳಿದ. ಕೈಗಳನ್ನು ಹಿಂದೆ ಕಟ್ಟಿಕೊಂಡು, ಯಾರ ಬಾಯಿಯನ್ನೂ ಹಾಕಿಕೊಳ್ಳದೆ, ನವೆಂಬರಿನ ನಂತರ ಮೊದಲ ಸಲ ತನ್ನದೇ ಸ್ವರದಲ್ಲಿ, ಜೆಪ್ಪುವಿನ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಒಂದೊಂದು ಅಕ್ಷರಕ್ಕೂ ಅದರ ಪೂರ್ತಿ ಬೆಲೆ ಕೊಟ್ಟು ಹೇಳಿದ. ನಗು ಬಂತು ಎಂಬಲ್ಲಿ ನಿಲ್ಲಲಿಲ್ಲ. ಎರಡನೆಯ ಸಲ, ಮೂರನೆಯ ಸಲ, ಒಲೆ. ಆ ಬಾಯಿ ಬದಲಿಸಬೇಡ. ಇನ್ನು ಐದು ಹಾಡು. ಸ್ವರ ಎರಡು ಕಡೆ ಒಡೆಯಿತು. ತನ್ನ ಸ್ವರ ಇಷ್ಟು ತೆಳ್ಳಗಿದೆಯೇ ಎಂದು ಅವನಿಗೇ ಆಶ್ಚರ್ಯವಾಯಿತು. ಬಹಳ ದಿನ ಪೆಟ್ಟಿಗೆಯಲ್ಲಿಟ್ಟ ಬಟ್ಟೆಯ ಹಾಗೆ ಮಡಿಕೆ ಮಡಿಕೆಯಲ್ಲಿ ಸವೆದಿತ್ತು.

ಯಾರೂ ನಗಲಿಲ್ಲ. ಡ್ಯಾರೆಲ್ ನಿಧಾನವಾಗಿ ತಲೆಯಾಡಿಸಿದ. "ನಿನ್ನೆಯೂ ಇದೇ ಶಬ್ದಗಳಿದ್ದವು, ಅಂಕಲ್."

"ಹೌದು. ಇದೇ."

"ಇವತ್ತು ನೀವು ಅದನ್ನು ಒಳ್ಳೆಯದು ಮಾಡಿ ಹೇಳಿದಿರಿ." ಹುಡುಗ ಮುಗುಳ್ನಕ್ಕ, ವಿಲ್ಮಾ ಖಾಲಿ ಸೀಟನ್ನು ನೋಡಿ ಹೀಗೆಯೇ ನಗುತ್ತಿದ್ದಳೋ ಏನೋ. "ಬೇಕಾಗಿಲ್ಲ, ಅಂಕಲ್. ನನಗೆ ಬೇಜಾರಿಲ್ಲ. ಅಮೆರಿಕದವರಿಗೆ ನಮ್ಮ ಮಾತು ಹಾಗೇ ಕೇಳಿಸೋದು, ಎಲ್ಲರೂ ಹೇಳ್ತಾರೆ. ಆದರೆ ನೀವು ಇಷ್ಟು ಮಾಡಿದ್ರಲ್ಲ. ಥ್ಯಾಂಕ್ಸ್."

"ಇಲ್ಲ. ಕೇಳು. ನಿನ್ನೆ ನಾನು ಬೇಕೆಂತಲೇ..."

ಅಷ್ಟರಲ್ಲಿ ಲೊರ್ನಾಳ ಕೈ ಅವನ ಭುಜದ ಮೇಲೆ ಬಂತು. ಅವಳು ಆ ಕಪ್ಪು ಕಾಗದವನ್ನು ನೋಡಿದ್ದಳು. ಒಬ್ಬ ಗಂಡಸು ಸುಡು ಬಿಸಿಲಿನಲ್ಲಿ ಕೆಳಗೆ ಹೋಗಿ, ಅಷ್ಟು ಹೊತ್ತು ನಿಂತು, ಏನು ಮಾಡಿ ಬಂದಿರಬಹುದು ಎಂದು ತನ್ನಷ್ಟಕ್ಕೆ ತೀರ್ಮಾನಿಸಿದ್ದಳು. ಕೊಂಕಣಿಯಲ್ಲಿ, ಹುಡುಗನಿಗೆ ಕೇಳಿಸದ ಹಾಗೆ, ಅವನ ಕಿವಿಯ ಹತ್ತಿರ ಹೇಳಿದಳು. "ಒಳ್ಳೇದು ಮಾಡಿದ್ರಿ. ಅವನು ನೋಡಬಾರದೂಂತ ಕಪ್ಪು ಮಾಡಿದ್ದಲ್ಲ? ನಾನು ಹೇಳುದಿಲ್ಲ." ಕೈ ತೆಗೆಯಲಿಲ್ಲ. ಅವನ ಪಕ್ಕದಲ್ಲಿ, ಅವನ ತೆಳ್ಳಗಿನ ಸ್ವರ ಇನ್ನೂ ಕೋಣೆಯಲ್ಲಿ ಇದೆಯೇನೋ ಎಂಬಂತೆ, ಸುಮ್ಮನೆ ನಿಂತಳು. ಹದಿನಾಲ್ಕು ವರ್ಷ ಅವನು ಕಾದದ್ದು ಅದಕ್ಕೇ. ಹೊಟ್ಟೆಕಿಚ್ಚು ಎಂಬ ಶಬ್ದ ಗಂಟಲವರೆಗೆ ಬಂದಿತ್ತು. ಅದನ್ನು ಹೇಳಿದರೆ ಆ ಕೈ ಹೋಗುತ್ತದೆ. ಹೇಳಬೇಕು. ಇನ್ನೊಂದು ನಿಮಿಷ ಇರಲಿ, ಆಮೇಲೆ ಹೇಳುತ್ತೇನೆ. ಕೈ ಬೆಚ್ಚಗಿತ್ತು. ಇನ್ನೊಂದು ನಿಮಿಷ.

"ಅಂಕಲ್," ಎಂದ ಡ್ಯಾರೆಲ್. "ಭಾನುವಾರದ ಒಳಗೆ ಒಂದು ಸಹಾಯ ಮಾಡ್ತೀರಾ? ನಿಮ್ಮ ಆ ಅಮೆರಿಕದ ಸ್ವರ. ನಾನು ಎಷ್ಟು ಮಾಡಿದರೂ ಎಲ್ಲೋ ಒಂದು ಕಡೆ ಸಿಕ್ಕಿಬೀಳ್ತೇನೆ. ನಿಮ್ಮದರಲ್ಲಿ ಗೊತ್ತೇ ಆಗುವುದಿಲ್ಲ. ನನಗೆ ಕಲಿಸಿ."

ಇಗ್ನೇಶಿಯಸ್ ಲೊರ್ನಾಳ ಮುಖ ನೋಡಿದ. ಅವಳು ಕಲಿಸಿ ಎಂಬಂತೆ ಮೆಲ್ಲಗೆ ಭುಜ ಒತ್ತಿದಳು.

"ಮೂರನೆಯ ಶಬ್ದ," ಎಂದ ಅವನು. "ಅಲ್ಲಿ ನೀನು ಅಕ್ಷರ ನುಂಗ್ತೀ. ನುಂಗಬೇಡ, ಎಳಿ. ದವಡೆ ಕೆಳಗೆ ಬಿಡು."

ಹುಡುಗ ಹೇಳಿದ.

"ಇನ್ನೂ ಅಗಲ."

ಹುಡುಗ ಇನ್ನೊಮ್ಮೆ ಹೇಳಿದ. ಜಾಣ; ನಾಲ್ಕನೆಯ ಸಲಕ್ಕೆ ಬಂದುಬಿಟ್ಟಿತು. ಅವನ ಬಾಯಿಂದ ಹಾಲಿಸ್ ಹೊರಗೆ ಬಂದು ಕೋಣೆಯ ತುಂಬ ನಿಂತ. ಇನ್ನು ಅಸೂಯೆ ಪಡುವಂಥದ್ದು ಆ ಹುಡುಗನಲ್ಲಿ ಏನೂ ಉಳಿದಿರಲಿಲ್ಲ. ಇಗ್ನೇಶಿಯಸ್ ಕಿವಿಯಿಟ್ಟು ಹುಡುಕಿದ, ಎಲ್ಲಾದರೂ ಒಂದು ಚೂರು ಲಂಡನ್ನು, ಒಂದು ಬಿಕ್ಕಳಿಕೆ. ಲೊರ್ನಾ ಕೈ ತೆಗೆದು, ಅಡುಗೆಗೆ ಹೊತ್ತಾಯಿತೆಂದು ಒಳಗೆ ಹೋದಳು.

"ಸರಿಯಾಯ್ತಾ ಅಂಕಲ್?"

"ಸರಿ ಉಂಟು," ಎಂದ ಇಗ್ನೇಶಿಯಸ್. "ಇನ್ನು ಮುಂದಿನ ಸಾಲು."